ತಂಗಿಯ ಅಂಟು, ನನ್ನ ಬಂಗಡೆ

ನನ್ನ ತಂಗಿ ಕಣ್ಣಿಗೆ ಕಾಣದ ಜೀವಿಗಳಿಗೆ ಕೈ ಜೋಡಿಸುತ್ತಾಳೆ. ಹುಚ್ಚಿ ಎನ್ನಬೇಡಿ, ಕಾಲೇಜಿನ ಪ್ರಯೋಗಾಲಯದಲ್ಲಿ ಆ ಕೆಲಸಕ್ಕೆ ಸಂಬಳವೂ ಇದೆ. ಏಳನೆಯ ತರಗತಿಯಲ್ಲೇ ಶಾಲೆಗೆ ಕೈಮುಗಿದು, ದಾಂಡೇಲಿಯಲ್ಲಿ ಬ್ಯಾಟರಿ ರಿಪೇರಿ ಮಾಡಿಕೊಂಡಿರುವ ನನಗೆ ಅವಳು ಪಾಠ ಹೇಳಿದ್ದು ಗಿರಾಕಿಯ ಸ್ಕೂಟರ್ ಬಿಚ್ಚಿಟ್ಟಿದ್ದಾಗ.

“ಅಣ್ಣಾ, ಇವು ಜೀನಿನ ತುಣುಕು ಅಂತ ತಿಳಕೋ,” ಎಂದು ನೆಲದ ಮೇಲಿನ ನಟ್ಟು, ಸ್ಪ್ರಿಂಗು, ತಂತಿ ಸಾಲಾಗಿ ಇಟ್ಟಳು. “ನಟ್ಟು ಸ್ವಿಚ್ಚು. ಸ್ಪ್ರಿಂಗು ಕೊಕ್ಕಿ. ತಂತಿ ಕೈ. ಮೂರನ್ನೂ ಅಂಟಿಸಿ ಬ್ಯಾಕ್ಟೀರಿಯಾದೊಳಗ ಬಿಟ್ರ, ಅದು ಮೈಮ್ಯಾಲೆ ಕೈ ಮಾಡ್ಕೊಂಡು ನೀರಾಗಿನ ಸೀಸ ಹಿಡೀತೈತಿ.”

“ಕೈ ಹೊರಗ ಬರ್ದ ಒಳಗ ಉಳದ್ರ?”

“ಕಿಸೆದಾಗ ಕೈ ಇಟ್ಕೊಂಡು ನಿಂತೀಯಲ್ಲಾ, ನಿನ್ನಂಗ. ಯಾತಕ್ಕೂ ಬರಂಗಿಲ್ಲ.”

ಗಿರಾಕಿ ನಕ್ಕ. ಅವನ ಸ್ಕೂಟರಿನ ನಟ್ಟು ಅವಳ ಪರ್ಸಿಗೆ ಸೇರಿದ್ದು ತಿಳಿದ ಮೇಲೆ ನಗಲಿಲ್ಲ.

ಮನೆಯಲ್ಲೂ ಅದೇ ಕಥೆ. ಅವ್ವ ಹಾಲಿಗೆ ಹೆಪ್ಪು ಹಾಕಲು ಕೂತರೆ ಇವಳು ಪಕ್ಕದಲ್ಲಿ ಹಾಜರು.

“ಹಾಲು ಎಷ್ಟ ಬೆಚ್ಚಗಿರಬೇಕವ್ವಾ?”

“ಬೆರಳಿಗೆ ಹಿತ ಅನ್ನಿಸೂವಷ್ಟು.”

“ನಿನ್ನ ಬೆರಳಿಗೋ, ನನ್ನ ಬೆರಳಿಗೋ?”

“ಮೊದಲ ನಿನ್ನ ಬೆರಳ ತೊಳಕೊಂಡ ಬಾ.”

ಇಂಥವಳು ಒಮ್ಮೆ ಧಾರವಾಡದಿಂದ ಅಂಟು ತರಲು ನನಗೆ ಹೇಳಿದಳು. ಅಂಗಡಿಯ ಅಂಟಲ್ಲ, ಜೀನಿನ ತುಣುಕುಗಳನ್ನು ಬೆಸೆಯುವ ಕಿಣ್ವ. ಬೆಚ್ಚಗಾದರೆ ಕೆಡುತ್ತದೆ. “ಬರ್ಫದಾಗಿಂದ ಹೊರಗ ತಗೀಬ್ಯಾಡ ಅಣ್ಣಾ,” ಎಂದು ಕೈ ಹಿಡಿದು ಹೇಳಿದ್ದಳು.

ಬರುವಾಗ ಹಳಿಯಾಳದಲ್ಲಿ ಬಂಗಡೆ ಕಂಡವು. ಮೀನಿನವಳ ಬಳಿ ಬರ್ಫ ಮುಗಿದಿತ್ತು. ನನ್ನ ಡಬ್ಬಿಯಲ್ಲೋ, ಬೆರಳ ತುದಿಯಷ್ಟು ಅಂಟಿನ ಕೊಳವೆಗೆ ಡಬ್ಬಿ ತುಂಬ ಬರ್ಫ. ಇದು ಯಾವ ನ್ಯಾಯ? ಬರ್ಫವನ್ನೆಲ್ಲ ಮೀನಿಗೆ ಸುರಿದೆ. ದಾಂಡೇಲಿಯಲ್ಲಿ ಶರಬತ್ತಿನ ಅಂಗಡಿಯ ಬರ್ಫ ತುಂಬಿ, ಸಾಧುವಿನಂತೆ ಡಬ್ಬಿ ಒಪ್ಪಿಸಿದೆ.

ಆ ರಾತ್ರಿ ಊಟಕ್ಕೆ ಕೂತವಳು ಬೆರಳು ಚೀಪುತ್ತ ಹೇಳಿದಳು: “ಬಂಗಡಿ ಎಷ್ಟ ತಾಜಾ ಅದಾವಣ್ಣಾ.”

ಮುಂದೆ ಯಾವ ತುಣುಕೂ ಅಂಟಲಿಲ್ಲ. “ನಾನ ತುಣುಕು ತಪ್ಪ ಮಾಡೇನಿ,” ಎಂದು ಎಲ್ಲ ಕೆಡವಿ ಹೊಸದಾಗಿ ಮಾಡಿದಳು. ಅವೂ ಅಂಟಲಿಲ್ಲ. ಅವ್ವನ ಹೆಪ್ಪನ್ನು ಮಾತಾಡಿಸುವುದು ಬಿಟ್ಟಳು. ನಾನು ಎಲ್ಲ ನೋಡುತ್ತ, ಕಿಸೆಯಲ್ಲಿ ಕೈ ಇಟ್ಟುಕೊಂಡು ನಿಂತಿದ್ದೆ.

ಒಂದು ಮಧ್ಯಾಹ್ನ ಗ್ಯಾರೇಜಿಗೆ ಬಂದು ಪರ್ಸಿನಿಂದ ನಟ್ಟು ತೆಗೆದು ನನ್ನೆದುರು ಇಟ್ಟಳು.

“ತಗೋ. ನನಗ ಈ ಕೆಲಸ ಬರಂಗಿಲ್ಲ. ನಾಳಿ ಬಿಡ್ತೇನಂತ ಹೇಳ್ತೇನಿ.”

ಆಗ ಬಾಯಿ ಬಿಟ್ಟೆ. ಹಳಿಯಾಳ, ಬಂಗಡೆ, ಶರಬತ್ತಿನ ಬರ್ಫ, ಎಲ್ಲವನ್ನೂ ನೆಲ ನೋಡುತ್ತ ಹೇಳಿದೆ. ಬೈಯುತ್ತಾಳೆಂದು ಕಾದೆ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

“ಹಂಗಾರ ನನ್ನ ತುಣುಕು ಸರಿ ಇದ್ವು?” ಎಂದಳು. ಹಳೆಯ ಬ್ಯಾಟರಿಯೊಂದರ ಮೇಲೆ ಕೂತು, ನನ್ನ ಕಡೆ ನೋಡದೆ, ಬಹಳ ಹೊತ್ತು ಅತ್ತಳು.

ಆಮೇಲೆ ನಟ್ಟನ್ನು ಮತ್ತೆ ಪರ್ಸಿಗೆ ಹಾಕಿಕೊಂಡು, ಖಾಲಿ ಬಾಟಲಿಯೊಂದನ್ನು ನನ್ನ ಕೈಗೆ ಕೊಟ್ಟಳು.

“ಈ ಹಿತ್ತಲ ಬಾವಿ ನೀರು ತುಂಬಿಕೊಡು. ಬ್ಯಾಕ್ಟೀರಿಯಾಕ್ಕ ಕೈ ಬಂದ ಮ್ಯಾಲೆ ಮೊದಲ ಅದನ್ನ ನೋಡ್ತೇನಿ.”

“ಅದನ್ಯಾಕ?”

“ಬ್ಯಾಟರಿ ತೊಳದ ನೀರೆಲ್ಲಾ ಅದಕ್ಕ ಇಳೀತೈತಿ. ದಿನಾ ಅದನ್ನ ಕುಡಿಯಾಂವ ಯಾರು?”

ಸೀಸವನ್ನೇ ಯಾಕೆ ಹಿಡಿಯಬೇಕೆಂದು ನಾನು ಅವಳನ್ನು ಒಮ್ಮೆಯೂ ಕೇಳಿರಲಿಲ್ಲ. ಬಾಟಲಿ ತೆಗೆದುಕೊಂಡು ಬಾವಿಗೆ ಹೋದೆ.