ಬಾಣಂತಿಗೆ ಶವರ್ ಕಟ್ಟಿದ್ದು

ನನಗೆ ಮೊಮ್ಮಗಳು ಹುಟ್ಟಿದ್ದಾಳೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಈಚೆಗೆ ಯಾರಿಗೆ ಏನು ಹೇಳಲು ಹೊರಟರೂ ನನ್ನ ಬಾಯಿಂದ ಮೊದಲು ಬರುವುದು ಅದೇ. ಬಸ್ಸಿನಲ್ಲಿ ಕಂಡಕ್ಟರು "ಎಲ್ಲಿಗೆ?" ಎಂದು ಕೇಳಿದಾಗಲೂ ಅದನ್ನೇ ಹೇಳಿದ್ದೇನೆ!

ಬೀಚನಹಳ್ಳಿ ಹಿನ್ನೀರಿನ ಪಕ್ಕದ ಒಂದು ಕಾಟೇಜಿಗೆ ನಾನು ಕಾವಲುಗಾರ. ಮಳೆಗಾಲದಲ್ಲಿ ಅಲ್ಲಿಗೆ ನರಪಿಳ್ಳೆಯೂ ಬರುವುದಿಲ್ಲ. ಈ ಸಲದ ಮಳೆಗೆ ನಮ್ಮ ಮನೆಯ ಬಚ್ಚಲ ಗೋಡೆ ಕುಸಿದು ಕೂತಿತು. ಬಾಣಂತಿ ಮಗಳನ್ನು ಎಲ್ಲಿಡುವುದು? ಕಾಟೇಜಿನ ಯಜಮಾನರು ಒಳ್ಳೆಯವರು. "ಖಾಲಿ ಬಿದ್ದಿದೆಯಲ್ಲ, ಇಟ್ಕೊಳ್ಳಿ. ಗೋಡೆಗೆ ಮಾತ್ರ ಮಸಿ ಆಗಬಾರದು" ಎಂದರು. ಹೀಗೆ ನನ್ನ ಮೊಮ್ಮಗಳು ಹೊರದೇಶದವರು ಮಲಗುವ ಮಂಚದ ಮೇಲೆ ಮಲಗಿದಳು. ರಾಜಕುಮಾರಿ!

ಕಾಟೇಜಿನಲ್ಲಿ ಎಲ್ಲವೂ ಇತ್ತು, ಬಿಸಿನೀರೊಂದು ಬಿಟ್ಟು. ಅಲ್ಲಿರುವುದು ಸೋಲಾರು. ಸೂರ್ಯನ ಮುಖ ಕಂಡು ಎಷ್ಟೋ ದಿನವಾಗಿತ್ತು. ಮಸಿಯ ಭಯಕ್ಕೆ ನಾನು ಹಿಂದಿನ ದಿಬ್ಬದ ಮೇಲೆ, ತಗಡಿನ ಮರೆಯಲ್ಲಿ ಕಲ್ಲು ಹೂಡಿ ಹಂಡೆ ಕೂರಿಸಿದ್ದೆ. ನನ್ನ ಹೆಂಡತಿ ನಾಗಮ್ಮ ಅಲ್ಲಿಂದ ಬಕೆಟ್ಟಿನಲ್ಲಿ ನೀರು ಇಳಿಸುತ್ತಿದ್ದಳು. ಒಂದು ದಿನ ಕೆಸರಿನಲ್ಲಿ ಜಾರಿದಳು. ಅವಳಿಗೇನೂ ಆಗಲಿಲ್ಲ, ನೀರೆಲ್ಲ ಚೆಲ್ಲಿಹೋಯಿತು. ಅವತ್ತು ಬಾಣಂತಿಗೆ ಸ್ನಾನವಿಲ್ಲ. ಮಗಳು ಮಂಜುಳಾ ಇದನ್ನು ಫೋನಿನಲ್ಲಿ ಅತ್ತೆಗೆ ಹೇಳಿಬಿಟ್ಟಳು!

ಸ್ವಲ್ಪ ಹೊತ್ತಿಗೆ ಚುಂಚನಕಟ್ಟೆಯಿಂದ ಬೀಗರೇ ಫೋನ್ ಮಾಡಿದರು.

"ಬೀಗ್ರೇ, ಬಾಣಂತಿಗೆ ದಿನಾ ಬಿಸ್ನೀರು ಉಯ್ಯಕ್ಕಾಗಲ್ಲ ಅಂದ್ರೆ ನಾವೇ ಕರ್ಕೊಂಡ್ ಓಯ್ತೀವಿ. ಬೇಜಾರ್ ಮಾಡ್ಕಬೇಡಿ. ನಾಳಿದ್ದು ಬತ್ತೀವಿ."

ಬಾಣಂತನವೆಂದರೆ ತವರಿನ ಹಕ್ಕು. ನನ್ನ ಮೊಮ್ಮಗಳನ್ನು ನಾನಿನ್ನೂ ಕಣ್ತುಂಬ ನೋಡಿಯೇ ಇಲ್ಲ!

"ಬಿಸ್ನೀರಾ? ಅಯ್ಯೋ, ಶವರ್‌ನಲ್ಲೇ ಬತ್ತದೆ ಕಣ್ರೀ! ನಲ್ಲಿ ತಿರುಗ್ಸುದ್ರೆ ಸಾಕು!" ಎಂದುಬಿಟ್ಟೆ.

ನಾಗಮ್ಮ ನನ್ನನ್ನೇ ನೋಡುತ್ತಿದ್ದಳು. "ಯಾವ್ ಶವರ್ರು?"

"ಮಾಡ್ತೀನಿ ತಾಳಮ್ಮಿ."

ನಾನೇನು ಸಾಮಾನ್ಯನೇ? ಹುಣಸೂರಿನ ಕಡೆ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನು ಮನೆಗಳಿಗೆ ವರ್ಷಗಟ್ಟಲೆ ಬೆಂಕಿ ಹಾಕಿದವನು. ಒಳಗೆ ಶಾಖ ಎಷ್ಟಿದೆಯೆಂದು ಹೊರಗೋಡೆ ಮುಟ್ಟಿ ಹೇಳುತ್ತಿದ್ದೆ. ಒಂದು ಹಂಡೆ ನೀರು ನನ್ನನ್ನು ಏನು ಮಾಡೀತು?

ಹಂಡೆ ಮೇಲಿದೆ, ಬಚ್ಚಲು ಕೆಳಗಿದೆ. ನೀರಿಗೆ ದಾರಿ ತೋರಿಸಿದರೆ ತಾನೇ ಇಳಿದು ಬರುತ್ತದೆ. ಪಕ್ಕದ ಶುಂಠಿ ಹೊಲದವರಿಂದ ಕರಿ ಪೈಪು ಕೇಳಿ ತಂದೆ. ಒಂದು ತುದಿಯನ್ನು ಹಂಡೆಯೊಳಗೆ ಮುಳುಗಿಸಿ, ಇನ್ನೊಂದನ್ನು ಕಿಟಕಿಯಿಂದ ಬಚ್ಚಲಿಗೆ ಇಳಿಸಿ, ಬಾಯಿಟ್ಟು ಎಳೆದೆ. ನೀರು ಬಂತು. ತಣ್ಣಗೆ! ದಾರಿಯುದ್ದಕ್ಕೂ ಮಳೆ ಅದರ ಬಿಸಿಯನ್ನು ಕುಡಿದುಬಿಟ್ಟಿತ್ತು.

ಪೈಪಿಗೆ ಹುಲ್ಲು ಸುತ್ತಿ, ಮೇಲೆ ಗೋಣಿಚೀಲ ಕಟ್ಟಿದೆ. ಬೆಂಕಿಯನ್ನು ಬ್ಯಾರನ್ನಿನ ಮಟ್ಟಕ್ಕೆ ಏರಿಸಿದೆ. ಮತ್ತೆ ಬಾಯಿಟ್ಟು ಎಳೆದೆ.

ಈ ಸಲ ಬಿಸಿಯೇ ಬಂತು. ನೇರ ನಾಲಿಗೆಯ ಮೇಲೆ!

ನಾನು ಬಚ್ಚಲಲ್ಲಿ ಕುಣಿಯುವುದನ್ನು ಕಂಡ ನಾಗಮ್ಮ, ಕೆಲಸ ಗೆದ್ದ ಸಂತೋಷಕ್ಕೆ ಕುಣಿಯುತ್ತಿದ್ದೇನೆಂದು ತಿಳಿದಳು. ಒಂದು ಲೆಕ್ಕಕ್ಕೆ ಅದೂ ಸುಳ್ಳಲ್ಲ. ಪೈಪಿನ ತುದಿಗೆ ಒಂದು ನಲ್ಲಿ ಸಿಕ್ಕಿಸಿ, ಅದನ್ನು ಶವರಿಗೆ ಸೈಕಲ್ ಟ್ಯೂಬಿನಿಂದ ಬಿಗಿದೆ. ಹದವಾದ ನೀರು ಸಣ್ಣ ಮಳೆಯಂತೆ ಉದುರಿತು. ನಾಗಮ್ಮ ಕೈಯೊಡ್ಡಿ, "ಪರ್ವಾಗಿಲ್ವೇ!" ಎಂದಳು. ಮದುವೆಯಾದಾಗಿನಿಂದ ಈ ಮಾತಿಗೆ ಕಾದಿದ್ದೆ.

ಅಷ್ಟಕ್ಕೇ ನಿಲ್ಲಿಸಬೇಕಿತ್ತು.

ಬೀಗರು ಬರುವ ಬೆಳಗ್ಗೆ ಹಂಡೆಗೆ ಉರಿ ಹಾಕುತ್ತಿದ್ದಾಗ ನನಗೆ ಜ್ಞಾನೋದಯವಾಯಿತು. ಬಾಣಂತಿಯ ನೀರಿಗೆ ಲಕ್ಕಿಸೊಪ್ಪು ಬೇಡವೇ? ಸೊಪ್ಪಿಲ್ಲದ ಬರೀ ನೀರು ತೋರಿಸಿದರೆ ಬೀಗಿತ್ತಿ ಏನಂದಾರು? ಬೇಲಿಯಿಂದ ಒಂದು ತೆಕ್ಕೆ ಮುರಿದು ತಂದೆ.

"ಬಟ್ಟೇಲಿ ಗಂಟು ಕಟ್ಟಿ ಆಕಿ" ಎಂದಳು ನಾಗಮ್ಮ.

"ನಂಗೇಳ್ಕೊಡ್ಬೇಡ ಬುಡು" ಎಂದು ತೆಕ್ಕೆಯನ್ನು ಹಾಗೇ ಹಂಡೆಗೆ ತುಂಬಿದೆ. ಘಮಘಮ!

ಬೀಗರು, ಬೀಗಿತ್ತಿ ಕಾರಿನಲ್ಲಿ ಬಂದಿಳಿದರು. ಮಗುವನ್ನು ನೋಡಿ, ಕಾಫಿ ಕುಡಿದು, ಬೀಗರು ನೇರ ವಿಷಯಕ್ಕೆ ಬಂದರು. "ಮೊದ್ಲು ನಾನೇ ಮೀಯ್ತೀನಿ ಬುಡಿ. ಸೊಸೆ ಮೀಯೋ ನೀರು ಎಂಗದೆ ಅಂತ ನೋಡ್ಬೇಕಲ್ಲ."

ಅವರು ಟವೆಲ್ ಸುತ್ತಿ ಒಳಗೆ ಹೋದರು. ನಾನು ದಿಬ್ಬ ಹತ್ತಿ ಹಂಡೆಯ ಪಕ್ಕದಲ್ಲಿ ಗಂಭೀರವಾಗಿ ನಿಂತೆ. ಒಳಗಿಂದ ನಲ್ಲಿ ತಿರುಗಿಸಿದ ಸದ್ದು ಬಂತು.

"ಬೀಗ್ರೇ, ನೀರಿಲ್ಲ!"

"ಬತ್ತದೆ, ತಾಳಿ!"

"ಒಂದೇ ತೊಟ್ಟು ಬತ್ತಾದೆ. ಅದೂ ಅಸ್ರುಗದೆ!"

ಶವರಿನ ತೂತುಗಳಲ್ಲೆಲ್ಲ ಬೆಂದ ಸೊಪ್ಪು ಕೂತಿತ್ತೆಂದು ನನಗೇನು ಗೊತ್ತು? ಪೈಪು ಎಲ್ಲೋ ಮಡಚಿಕೊಂಡಿದೆಯೆಂದು ತಿಳಿದೆ. ಬಾವಿಯ ಹಗ್ಗದಂತೆ ಎರಡೂ ಕೈಯಲ್ಲಿ ಹಿಡಿದು ಜಗ್ಗಿದೆ. ಮೇಲಿನ ತುದಿ ಹಂಡೆಯಿಂದ ಈಚೆ ಬಂತು. ಕೆಳಗಿನ ತುದಿ ಶವರಿನಿಂದ ಕಿತ್ತುಕೊಂಡಿತು. ಪೈಪಿನೊಳಗೆ ಕೂತಿದ್ದ ನೀರು, ಸೊಪ್ಪು, ಕಡ್ಡಿ ಎಲ್ಲ ಒಟ್ಟಿಗೆ ಬೀಗರ ತಲೆಯ ಮೇಲೆ ಬಿತ್ತು. ನಿಂತು ನಿಂತು ಅದು ಆರಿಹೋಗಿತ್ತು, ಅದೊಂದು ಪುಣ್ಯ.

ಅವರು ಹೊರಗೆ ಬಂದಾಗ ಬೋಳು ತಲೆಯ ಮೇಲೆ ಲಕ್ಕಿಸೊಪ್ಪು ಕಿರೀಟದಂತೆ ಕೂತಿತ್ತು. ನನ್ನ ಕಣ್ಣಿಗೆ ಕಂಡದ್ದು ಒಂದೇ: ಮಗುವನ್ನು ಕೂರಿಸಿಕೊಂಡು ಚುಂಚನಕಟ್ಟೆಗೆ ಹೊರಟ ಕಾರು.

ಬೀಗಿತ್ತಿ ಗಂಡನ ತಲೆಯನ್ನು ನೋಡಿದರು. ದಿಬ್ಬ ನೋಡಿದರು. ಗೋಣಿಚೀಲ ಸುತ್ತಿದ ಪೈಪು ನೋಡಿದರು. ಕೊನೆಗೆ ನನ್ನನ್ನು ನೋಡಿದರು.

"ಅಲ್ಲಾ ಬೀಗ್ರೇ, ಅಂಡೇನೇ ಕೆಳೀಕ್ ತಂದು ಬಚ್ಚಲ ಬಾಗ್ಲಲ್ಲಿ ಇಟ್ಟಿದ್ರೆ ಆಗ್ತಿರ್ಲಿಲ್ವಾ?"

"ಮಸಿ... ಗೋಡೆ..." ಎಂದೆ.

"ಮಸಿ ಆದ್ರೆ ಆಮೇಲೆ ನೀವಿಬ್ರೂ ಸೇರ್ಕೊಂಡು ಬಣ್ಣ ಒಡೀರಿ. ಈಗ ಅಂಡೆ ಇಳ್ಸಿ!"

ಬೆಂಕಿ ಕೆದಕಿ, ಹಂಡೆ ಬರಿದು ಮಾಡಿ, ಅದನ್ನು ಇಳಿಸಿದ್ದು ನಾನು ಮತ್ತು ಇನ್ನೂ ಒದ್ದೆಯಾಗಿದ್ದ ಬೀಗರು. ನೀರು ಕಾದ ಮೇಲೆ ಬೀಗಿತ್ತಿ ಸೀರೆ ಎತ್ತಿ ಕಟ್ಟಿ, ಮಣೆಯ ಮೇಲೆ ಕಾಲು ಚಾಚಿ ಕೂತು, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಚೊಂಬಿನಿಂದ ನೀರು ಹೊಯ್ದರು. ಮಗು ಅಳಲೇ ಇಲ್ಲ. ಆಕಳಿಸಿತು! ನಾನು ಬಾಗಿಲಲ್ಲಿ ನಿಂತು ಕಣ್ಣೊರೆಸಿಕೊಂಡೆ. ಹೊಗೆ ಎಂದೆ.

"ಈ ಮಳೇಲಿ ಅಸಿ ಮಗೀನ ಎತ್ಕೊಂಡು ಎಲ್ಲಿಗ್ ಓಗದು? ಇಲ್ಲೇ ಇರ್ಲಿ" ಎಂದರು ಬೀಗಿತ್ತಿ. ನಾನು ಹಿಗ್ಗಿ ಹೀರೇಕಾಯಿಯಾದೆ. ಅವರ ಮಾತು ಮುಗಿದಿರಲಿಲ್ಲ. "ನಿಮ್ನ ನಂಬಂಗಿಲ್ಲ. ನಾನೂ ಇರ್ತೀನಿ."

ಬೀಗರೂ ಉಳಿದರು. ಈಗ ಕಾಟೇಜಿನಲ್ಲಿ ಹೆಂಗಸರದೇ ರಾಜ್ಯ. ನಾನು, ಬೀಗರು ಕಾವಲುಗಾರನ ಗುಡಿಸಲಿನಲ್ಲಿ. ಸೌದೆ ತರುವುದು ನನ್ನ ಕೆಲಸ, ಒಲೆಯ ಹತ್ತಿರ ಸುಳಿಯಲು ಮಾತ್ರ ಅಪ್ಪಣೆಯಿಲ್ಲ. ಮೀಯದೆ ಮಗುವನ್ನು ಮುಟ್ಟುವ ಹಾಗಿಲ್ಲ ಎಂಬುದು ಬೀಗಿತ್ತಿಯ ಕಟ್ಟಪ್ಪಣೆ. ಹಂಡೆಯ ನೀರು ಬಾಣಂತಿಗೂ ಮಗುವಿಗೂ ಮೀಸಲು. ಹಾಗಾಗಿ, ಬ್ಯಾರನ್ನುಗಳಿಗೆ ಬೆಂಕಿ ಹಾಕಿದ ಈ ಮಹಾಶಯ, ಮೊಮ್ಮಗಳನ್ನು ಎತ್ತಿಕೊಳ್ಳುವ ಆಸೆಗೆ, ದಿನವೂ ಎಲ್ಲರಿಗಿಂತ ಮೊದಲು ಎದ್ದು ಸ್ನಾನ ಮಾಡುತ್ತಾನೆ.

ತಣ್ಣೀರಲ್ಲಿ!