ದೇವರ ಷೇರು

ಪ್ರಾರ್ಥನಾ ಮಂದಿರದ ಕಾಣಿಕೆ ದುಡ್ಡಿನಲ್ಲಿ ಬಣ್ಣದ ಕಾರ್ಖಾನೆಯ ಷೇರು ಕೊಳ್ಳಬೇಕೆಂದು ಅಲ್ಲಿನ ಹಿರಿಯರಾದ ದೊಡ್ಡಮ್ಮ ಹಟ ಹಿಡಿದಾಗ ಎಲ್ಲರೂ ಹುಬ್ಬೇರಿಸಿದ್ದರು. ಮಂದಿರದ ಹಿಂದಿನ ತೊರೆಗೆ ದಿನಕ್ಕೊಂದು ಬಣ್ಣ ಕಲಸುತ್ತಿದ್ದುದೇ ಆ ಕಾರ್ಖಾನೆ.

“ಲಾಭಕ್ಕಲ್ಲ ಕಣ್ರೋ. ಭೂಮಿ ದೇವರದು. ನಾವೂ ಪಾಲುದಾರರಾದ್ರೆ ಅವರ ಸಭೇಲೇ ಎದ್ದು ನಿಂತು ಕೇಳಬಹುದು. ಹೊರಗಿಂದ ಕೂಗಿದ್ರೆ ಕಾವಲುಗಾರನೂ ತಿರುಗಿ ನೋಡಲ್ಲ!”

ಷೇರು ಕೊಂಡದ್ದಾಯಿತು; ಸಭೆಯಲ್ಲಿ ಕೇಳುವ ಕೆಲಸ ಗಡಿಯಾರ ರಿಪೇರಿಯವನ ತಲೆಗೆ ಬಿತ್ತು. ಮಂದಿರದಲ್ಲಿ ಪ್ರಾರ್ಥನೆಯ ಪದ್ಯ ಓದುವವನು ಅವನೇ. ಹಾಲಿನಲ್ಲಿ ಸಕ್ಕರೆ ಕರಗುವಂಥ ದನಿ. ಜಗಳ ಆ ಗಂಟಲಿಗೆ ಒಗ್ಗದು. ಆದರೆ ಮೀನು ಸತ್ತು ತೇಲಿದ ದಿನ ದಡದಲ್ಲಿ ಕೂತು ಅತ್ತವನೂ ಅವನೊಬ್ಬನೇ.

ಸಭೆಯ ದಿನ ಬೆಳಿಗ್ಗೆಯೇ ಅಂಗಡಿಗೆ ಜನ ನುಗ್ಗಿದರು.

“ಮೇಜು ಗುದ್ದಿ ಕೇಳು, ಹೀಗೆ!” ಎಂದು ಪಕ್ಕದಂಗಡಿಯ ದರ್ಜಿ ಗುದ್ದಿಯೇ ತೋರಿಸಿದ. ಬಿಚ್ಚಿಟ್ಟಿದ್ದ ಗಡಿಯಾರದ ಚಕ್ರಗಳು ಹೆದರಿದ ಇರುವೆಗಳಂತೆ ಚೆದುರಿದವು.

“ಗುದ್ದೋದೆಲ್ಲ ಬೇಡ ಭಾವ, ದುರುಗುಟ್ಟಿ ನೋಡಿ ಸಾಕು,” ಎಂದಳು ಅವನ ನಾದಿನಿ. “ಅಯ್ಯೋ, ಹಾಗಲ್ಲ! ಸಾಲ ಕೇಳೋಕೆ ಬಂದವರ ಹಾಗಿದೀರಿ.”

ಸಭೆಯಲ್ಲಿ ಕಾರ್ಖಾನೆಯ ಅಧ್ಯಕ್ಷರು, “ಯಾರಾದ್ರೂ ಏನಾದ್ರೂ ಕೇಳೋದಿದೆಯಾ?” ಎಂದಾಗ ಅವನು ಎದ್ದ. ಕಲಿಸಿದ್ದೆಲ್ಲ ಮರೆತುಹೋಯಿತು. ನಿಂತು ಮಾತಾಡುವುದೆಂದರೆ ಅವನಿಗೆ ಗೊತ್ತಿದ್ದದ್ದು ಒಂದೇ ಬಗೆ. ಕಣ್ಣು ತಾನಾಗಿ ಮುಚ್ಚಿತು, ಕೈಗಳು ಕೂಡಿಕೊಂಡವು, ದನಿ ರಾಗಕ್ಕೆ ಏರಿತು.

“ತೊರೆಯ ನೀರು ತಿಳಿಯಾಗಲಿ, ಮೀನು ಮರಳಿ ಬರಲಿ, ವಿಷ ಹರಿಸುವ ಕೈಗಳಿಗೆ ಕರುಣೆ ಮೂಡಲಿ...”

ಕುರ್ಚಿಗಳು ಸರಿದ ಸದ್ದಿಗೆ ಕಣ್ಣು ಬಿಟ್ಟರೆ, ಇಡೀ ಸಭೆ ಎದ್ದು ತಲೆಬಾಗಿ ನಿಂತಿದೆ! “ಹಾಗೇ ಆಗಲಿ,” ಎಂದಿತು ಒಕ್ಕೊರಲಿನಿಂದ.

ಅಧ್ಯಕ್ಷರು ಕಣ್ಣೊರೆಸಿಕೊಂಡರು. “ಲೆಕ್ಕಾಚಾರದ ಮಧ್ಯೆ ದೇವರನ್ನ ನೆನಪು ಮಾಡಿದ್ರಿ. ಮನಸ್ಸು ಹಗುರಾಯ್ತು.”

“ಸಾರ್, ಅದು ಪ್ರಶ್ನೆ...”

“ಮುಂದಿನ ವರ್ಷದಿಂದ ನಿಮ್ಮ ಪ್ರಾರ್ಥನೆಯಿಂದ್ಲೇ ಶುರು ಮಾಡೋಣ!”

ಗೇಟಿನ ಹತ್ತಿರ ಮಂದಿರದವರೆಲ್ಲ ಕಾದಿದ್ದರು. ಅವನು ಬಾಯಿ ತೆರೆಯುವಷ್ಟರಲ್ಲಿ ಅಧ್ಯಕ್ಷರೇ ಹಿಂದೆ ಬಂದರು.

“ಇಂಥ ಭಕ್ತರ ಮಂದಿರಕ್ಕೆ ನಮ್ಮ ಕಡೆಯಿಂದ ಪುಕ್ಕಟೆ ಬಣ್ಣ. ಒಳಗೂ ಹೊರಗೂ!”

ಅವನು ಜೀವಮಾನದ ಉಸಿರನ್ನೆಲ್ಲ ಒಟ್ಟುಮಾಡಿ ಮೊದಲ ಸಲ ಕಿರುಚಿದ: “ನಮಗೆ ಬಣ್ಣ ಬೇಡ!”

“ಸುಮ್ನಿರೋ,” ದೊಡ್ಡಮ್ಮ ಅವನ ಮೊಣಕೈ ಚಿವುಟಿದರು. “ಗೋಡೆ ಸುಣ್ಣ ಕಂಡು ಎಷ್ಟು ವರ್ಷ ಆಯ್ತು, ಗೊತ್ತಾ?” ಆಮೇಲೆ ಅಧ್ಯಕ್ಷರತ್ತ ತಿರುಗಿ ನಕ್ಕರು. “ತಿಳಿ ಹಸಿರು ಹಾಕಿಸಿ ಸಾರ್. ಇವತ್ತು ನಮ್ಮ ತೊರೇಲಿ ಹರೀತಾ ಇದೆಯಲ್ಲ, ಅದೇ ಹಸಿರು. ಕಣ್ಣಿಗೆ ಎಷ್ಟು ತಂಪಾಗಿದೆ!”