ಪಟೇಲರನ್ನು ಚಟ್ಟಕ್ಕೆ ಹತ್ತಿಸಿದ ಚಿತ್ರ

ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ ಎಲ್ಲವೂ ಕೆಟ್ಟಿತು. ಇಷ್ಟು ಖಚಿತವಾಗಿ ಹೇಳಲು ಕಾರಣ, ಆಗ ನನ್ನಲ್ಲೊಂದು ಹೊಸ ಜೇಬುಗಡಿಯಾರವಿತ್ತು, ಅದನ್ನು ನಾಲ್ಕು ಜನರೆದುರು ತೆಗೆದು ನೋಡುವ ಚಟವೂ ಇತ್ತು. ನೋಡಿ ಮುಚ್ಚಳ ಹಾಕುವಷ್ಟರಲ್ಲಿ ಪಟೇಲ ಮಾದೇಗೌಡರು ಗಹಗಹಿಸಿ ನಕ್ಕರು. ಒಬ್ಬರು ನಕ್ಕರೆ ಇನ್ನಿಬ್ಬರ ಪ್ರಾಣಕ್ಕೆ ಕುತ್ತು ಬರಬಹುದೆಂದು ನನಗೆ ಅದುವರೆಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಕಾಲೇಜಿನಲ್ಲಿ ತರ್ಕಶಾಸ್ತ್ರ ಮಾತ್ರ ಹೇಳಿಕೊಟ್ಟಿದ್ದರು.

ನಗಿಸಿದವನು ನನ್ನ ಗೆಳೆಯ ಶ್ರೀಕಂಠ. ಮೈಸೂರಿನಲ್ಲಿ ನನ್ನ ಜೊತೆ ಓದಿದವನು. ವ್ಯಂಗ್ಯಚಿತ್ರ ಬರೆಯುತ್ತಿದ್ದ, ವಿಷಯ ಮಾತ್ರ ಯಾವಾಗಲೂ ಒಂದೇ, ಸಾವು. ಯಮನ ಕೋಣ ದಾರಿಯಲ್ಲಿ ಮೇಯುತ್ತ ನಿಂತುಬಿಟ್ಟಿದೆ, ಯಮನೂ ಸಾಯಬೇಕಾದ ಮುದುಕನೂ ಸೇರಿ ಅದನ್ನು ಹಿಂದಿನಿಂದ ತಳ್ಳುತ್ತಿದ್ದಾರೆ, ಇಂಥವು. ಇವನ್ನೆಲ್ಲ ಸೇರಿಸಿ ‘ಚಟ್ಟದ ಚಿತ್ರಗಳು’ ಎಂದು ಪುಸ್ತಕವನ್ನೂ ಅಚ್ಚುಹಾಕಿಸಿದ್ದ. ಕೊಂಡವರು ಅದನ್ನು ಮನೆಯೊಳಗೆ ತರುತ್ತಿರಲಿಲ್ಲ. ಕೊಟ್ಟಿಗೆಯಲ್ಲಿ ಕೂತು ನೋಡಿ, ಹೊಟ್ಟೆತುಂಬ ನಕ್ಕು, ಸ್ನಾನ ಮಾಡಿ ಒಳಗೆ ಬರುತ್ತಿದ್ದರು. ಅವನ ತಂದೆತಾಯಿ ಪ್ಲೇಗಿನ ವರ್ಷ ಒಂದೇ ವಾರದಲ್ಲಿ ಹೋದರು. ಅದಾದ ಮೇಲೆಯೇ ಅವನಿಗೆ ಈ ಹುಚ್ಚು ಹತ್ತಿದ್ದು. ಅದನ್ನು ಅವನು ಹೇಳುವುದಿಲ್ಲ, ನಾನು ಕೇಳುವುದಿಲ್ಲ.

ಆ ದಿನ ನಂಜನಗೂಡಿನಲ್ಲಿ ರೈಲಿಳಿದು, ನಾನು ಮೇಷ್ಟರಾಗಿದ್ದ ನರಸೀಪುರಕ್ಕೆ ಎತ್ತಿನ ಗಾಡಿಯಲ್ಲಿ ಹೊರಟಿದ್ದೆವು. ಹದಿನಾರು ಎಂಬ ಊರು ದಾಟಿ ಒಂದು ಹಳ್ಳಿಯಲ್ಲಿ ಎತ್ತು ಬಿಚ್ಚಿದೆವು. ಹಳ್ಳಿಯ ಹೆಸರು ಬರೆಯುವ ಧೈರ್ಯ ಇನ್ನೂ ಬಂದಿಲ್ಲ. ಪಟೇಲರು ಜಗಲಿಗೆ ಕರೆದು ಮಜ್ಜಿಗೆ ಕೊಟ್ಟರು, ಪುಸ್ತಕ ನೋಡಿದರು, “ನಂದೂ ಒಂದು ಬರೀರಲಾ” ಎಂದರು. ಶ್ರೀಕಂಠ ಬರೆದ. ಪಟೇಲರು ಚಟ್ಟದ ಮೇಲೆ ಮಲಗಿದ್ದಾರೆ. ತಲೆಯೆತ್ತಿ, ಕಂದಾಯ ಬಾಕಿ ಇಟ್ಟಿದ್ದಕ್ಕೆ ಹೊತ್ತವರನ್ನು ಗದರುತ್ತಿದ್ದಾರೆ.

ಆ ನಗು ಕೆಮ್ಮಾಯಿತು, ಕೆಮ್ಮು ನಡುಕವಾಯಿತು. ಎರಡು ಕಂಬಳಿ ಹೊದಿಸಿದರೂ ಪಟೇಲರ ಹಲ್ಲು ಕಟಕಟ ಅನ್ನುತ್ತಿತ್ತು. ಪ್ಲೇಗು ಬಂದು ಹೋಗಿ ಹೆಚ್ಚು ಕಾಲವಾಗಿರಲಿಲ್ಲ. ಜ್ವರವೆಂದರೆ ಊರಿನ ಬಾಯಿ ಕಟ್ಟಿಹೋಗುತ್ತಿದ್ದ ಕಾಲ ಅದು. ಜಗಲಿಯ ಮುಂದೆ ಜನ ಸೇರಿದರು. ಪಟೇಲರ ತಮ್ಮ ಚಿಕ್ಕೇಗೌಡ ಮಚ್ಚು ಹಿಡಿದುಕೊಂಡು ಬಂದು ನಮ್ಮೆದುರು ಕುಕ್ಕರುಗಾಲಲ್ಲಿ ಕೂತ.

“ಬದುಕಿರೋರ್ನ ಚಟ್ಟದ್ ಮ್ಯಾಲೆ ಮಲುಗ್ಸಿದ್ದೀರಿ. ಅಣ್ಣಯ್ಯ ಎದ್ರೆ ನೀವೂ ಎದ್ದೋಗಿ. ಏಳ್ನಿಲ್ಲ ಅಂದ್ರೆ, ಇತ್ಲಲ್ಲಿ ಚಟ್ಟಕ್ಕೆ ಬಿದಿರು ಬೇಕಾದಷ್ಟು ಅದೆ.”

ನಾನು ಓದಿದ್ದನ್ನು ಉಪಯೋಗಿಸಿದೆ. “ನೋಡಿ ಗೌಡರೆ, ಒಂದಾದ ಮೇಲೆ ಒಂದು ನಡೆದ ಮಾತ್ರಕ್ಕೆ ಮೊದಲನೆಯದು ಎರಡನೆಯದಕ್ಕೆ ಕಾರಣವಾಗುವುದಿಲ್ಲ.”

“ಆಗ್ಲಿ ಸ್ವಾಮಿ. ಈಗ ನಾನು ಮಚ್ಚು ಬೀಸ್ತೀನಿ, ಆಮ್ಯಾಕೆ ನಿಮ್ ತಲೆ ಬೀಳ್ತದೆ. ಅದ್ಕೂ ಇದ್ಕೂ ಸಂಬಂದ ಇಲ್ಲ ಅಂತೀರಾ?”

“ಅವನ ವಾದ ಸರಿಯಾಗಿದೆ ಕಣೋ” ಎಂದ ಶ್ರೀಕಂಠ, ನನ್ನ ಕಿವಿಯಲ್ಲಿ.

ನಮ್ಮನ್ನು ಉಳಿಸಿದ್ದು ಪಟೇಲರ ತಾಯಿ. ಆಕೆ ಹೊರಗೆ ಬಂದು ಚಿತ್ರವನ್ನು ಕೇಳಿ ಇಸಿದುಕೊಂಡು ಬಹಳ ಹೊತ್ತು ನೋಡಿದರು. “ನಮ್ ಮಾದನ್ದೇಯ. ಮೂಗು ಅವ್ರಪ್ಪನ್ದು” ಎಂದು ಕಿರಿಯ ಮಗನ ಕಡೆ ತಿರುಗಿದರು. “ಮಚ್ಚು ಮಡಗ್ಲಾ ಚಿಕ್ಕ. ಕಾಗೆ ತಲೆ ಮುಟ್ದಾಗ ಏನ್ಲಾ ಮಾಡೀವಿ? ಸತ್ತೋದ ಅಂತ ನೆಂಟ್ರಿಗೆ ಸುಳ್ಳು ಸುದ್ದಿ ಕಳಿಸ್ತೀವಿ. ಅವ್ರು ಅತ್ರೆ ಗಂಡಾಂತ್ರ ಕಳೀತದೆ. ಈವಯ್ಯ ಸುಳ್ಳ ಬರ್ದೇ ಕೊಟ್ಟವ್ನೆ. ಇನ್ ಅಳೋರು ಒಬ್ರು ಬೇಕು, ಅಷ್ಟೇಯ.”

ಮುಡುಕುತೊರೆಗೆ ಕೊಟ್ಟಿದ್ದ ಪಟೇಲರ ತಂಗಿಯ ಬಳಿಗೆ ಚಿತ್ರದ ಸಮೇತ ಆಳು ಹೋದ. ನಮ್ಮನ್ನು ಜಗಲಿಯಲ್ಲೇ ಕೂರಿಸಿಕೊಂಡರು. ಒಬ್ಬ ಹೆಂಗಸು ಚೆನ್ನಾಗಿ ಅಳಲಿ ಎಂದು ನಾನು ದೇವರಲ್ಲಿ ಬೇಡಿಕೊಂಡದ್ದು ಅದೇ ಮೊದಲು.

ಚೆನ್ನಾಗಿಯೇ ಅತ್ತಳು. ಬೆಳಿಗ್ಗೆ ಗಾಡಿ ಕಾಣುವ ಮೊದಲೇ ಅವಳ ದನಿ ಊರು ಮುಟ್ಟಿತು. ಒಳಗಿನಿಂದ ಪಟೇಲರ ಕ್ಷೀಣವಾದ ಮಾತು ಕೇಳಿಸಿತು: “ಯಾರ್ಲಾ ಸತ್ತಿರೋದು?”

“ನೀನೇ ಕಣಣ್ಣಯ್ಯ” ಎಂದ ಚಿಕ್ಕೇಗೌಡ.

ಪಟೇಲರು ಸ್ವಲ್ಪ ಯೋಚಿಸಿದರು. “ಅಂಗಾರೆ ವಸಿ ಗಂಜಿ ಕೊಡಿ.”

ನಮ್ಮನ್ನು ಬಿಟ್ಟರು. ಗಾಡಿ ಹತ್ತುವಾಗ ಚಿಕ್ಕೇಗೌಡ ಶಾಂತವಾಗಿ, “ನಿಮ್ ಇಸ್ಕೂಲು ಎಲ್ಲದೆ ಅಂತ ಗೊತ್ತು ಸ್ವಾಮಿ. ತಿರ್ಗಾ ಜರ ಬಂದ್ರೆ ಬತ್ತೀನಿ” ಎಂದ. ಚಳಿಜ್ವರ ಬಿಟ್ಟಂತೆ ಮಾಡಿ ಮರಳಿ ಬರುತ್ತದೆಂದು ನಾನು ಓದಿ ತಿಳಿದಿದ್ದೆ. ಓದದವನಾಗಿದ್ದರೆ ನರಸೀಪುರದಲ್ಲಿ ಸುಖವಾಗಿ ಮಲಗುತ್ತಿದ್ದೆ. ಪಕ್ಕದ ಮನೆಯವರು ಕುಡುಗೋಲು ಮಸೆದರೆ ನಾನು ಅಟ್ಟ ಹತ್ತುತ್ತಿದ್ದೆ, ಅಲ್ಲಿ ನೋಡಿದರೆ ಶ್ರೀಕಂಠ ಮೊದಲೇ ಕೂತಿರುತ್ತಿದ್ದ. ಅವನು ಚಟ್ಟ ಬಿಟ್ಟು ಕುಂಬಳಕಾಯಿ ಬರೆಯತೊಡಗಿದ.

ಕಡೆಗೆ, ತರ್ಕದಲ್ಲಿ ಮೊದಲ ದರ್ಜೆ ಪಡೆದ ನಾನು, ನಂಜನಗೂಡಿನಲ್ಲಿದ್ದ ನನ್ನ ಸೋದರತ್ತೆಗೆ, ನಾನು ತೀರಿಹೋದೆನೆಂದು ಗಾಡಿಯವನ ಕೈಲಿ ಹೇಳಿ ಕಳಿಸಲು ನಿಂತೆ. ಶ್ರೀಕಂಠ ಬಾಗಿಲವರೆಗೂ ಬಂದು, “ನನಗೆ ಅಳೋರು ಯಾರೂ ಇಲ್ಲ. ನನ್ನದನ್ನೂ ಅವರಿಗೇ ಸೇರಿಸಿ ಹೇಳೋ” ಎಂದ.

ಮಂಗಳವಾರ ಸಂಜೆ ಅತ್ತೆ ಬಂದಿಳಿದರು. ಬಾಗಿಲಲ್ಲಿ ನಿಂತ ನಮ್ಮಿಬ್ಬರನ್ನು ನೋಡಿಯೂ ಅಳು ನಿಲ್ಲಿಸಲಿಲ್ಲ. ಮೊದಲು ನನಗೆ, ಆಮೇಲೆ ಅವನಿಗೆ, ಬೇರೆಬೇರೆಯಾಗಿ ಅತ್ತು ಮುಗಿಸಿ ಕಣ್ಣೊರೆಸಿಕೊಂಡರು. “ಸುಳ್ಳು ಅಂತ ಹೊರಡುವಾಗಲೇ ಗೊತ್ತು ಕಣೋ ಮುಂಡೇದೆ. ಅರ್ಧಂಬರ್ಧ ಅತ್ತರೆ ಫಲವಿಲ್ಲ. ದಾರೀಲಿ ಯಾರೋ ಪಟೇಲರು ಗಾಡಿ ನಿಲ್ಲಿಸಿ, ಯಾಕೆ ಅಳ್ತೀರಿ ತಾಯಿ ಅಂತ ಮಜ್ಜಿಗೆ ಕೊಟ್ಟರು. ಗುಂಡುಕಲ್ಲಿನ ಹಾಗಿದಾರೆ.”

ಆ ರಾತ್ರಿ ನಾವಿಬ್ಬರೂ ಬೆಳಗಿನವರೆಗೆ ಮಲಗಿದೆವು. ಅತ್ತೆಗೆ ಮಾತ್ರ ನಿದ್ದೆ ಬರಲಿಲ್ಲವಂತೆ. ಎದ್ದೆದ್ದು ಬಂದು ನಮ್ಮ ಮೂಗಿನ ಹತ್ತಿರ ಬೆರಳಿಟ್ಟು ನೋಡುತ್ತಿದ್ದರಂತೆ.